ಎಚ್‌ಪಿವಿ ‘ನೆಗೆಟಿವ್’ ಎಂಬ ವರದಿಯ ತೂಕ

ಗರ್ಭಕಂಠ ಕ್ಯಾನ್ಸರ್ ತಪಾಸಣೆಯ ಮಾತು ಬಂದಾಗ ಉಸ್ಮಾನಾಬಾದ್ (ಈಗಿನ ಧಾರಾಶಿವ) ಪ್ರಯೋಗವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ನಮ್ಮ ಬೀದರ್, ಕಲಬುರಗಿಗಳ ಗಡಿಗೆ ತಾಗಿದ ಆ ಜಿಲ್ಲೆಯಲ್ಲಿ 1999ರಲ್ಲಿ 30ರಿಂದ 59ರ ವಯಸ್ಸಿನ 1,31,746 ಮಹಿಳೆಯರನ್ನು ಊರುಗಳ ಲೆಕ್ಕದಲ್ಲಿ ನಾಲ್ಕು ಪಾಲು ಮಾಡಲಾಯಿತು. ಮೂರು ಪಾಲಿಗೆ ಒಂದೊಂದು ತಪಾಸಣೆ: ಈ ಕ್ಯಾನ್ಸರ್ ತರುವ ವೈರಸ್ಸನ್ನು ಹುಡುಕುವ ಎಚ್‌ಪಿವಿ ಪರೀಕ್ಷೆ, ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಸ್ಮಿಯರ್, ಅಸಿಟಿಕ್ ಆಮ್ಲ ಹಚ್ಚಿ ಬರಿಗಣ್ಣಿನಿಂದ ನೋಡುವುದು. ನಾಲ್ಕನೆಯದಕ್ಕೆ ಎಂದಿನ ಆರೈಕೆ. ಸಂಕರನಾರಾಯಣನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದಂತೆ, ಈ ಕ್ಯಾನ್ಸರಿನಿಂದ ಎಚ್‌ಪಿವಿ ಪಾಲಿನಲ್ಲಿ 34, ಎಂದಿನ ಆರೈಕೆಯ ಪಾಲಿನಲ್ಲಿ 64 ಸಾವು. ಉಳಿದೆರಡು ತಪಾಸಣೆಗಳಿಂದ ಸಾವು ಗಣನೀಯವಾಗಿ ತಗ್ಗಲಿಲ್ಲ.

ಎಲ್ಲರೂ ಉಲ್ಲೇಖಿಸುವುದು ಈ ಅಂಕಿಗಳನ್ನೇ. ನನಗೆ ಹೆಚ್ಚು ಮುಖ್ಯವೆನಿಸುವುದು ಅದೇ ವರದಿಯ ಇನ್ನೊಂದು ಸಾಲು. ಸ್ಮಿಯರ್ ಅಥವಾ ಆಮ್ಲದ ತಪಾಸಣೆಯಲ್ಲಿ ‘ನೆಗೆಟಿವ್’ ಬಂದವರಲ್ಲಿ ಮುಂದೆ ಕ್ಯಾನ್ಸರ್ ಕಾಣಿಸಿಕೊಂಡ ಪ್ರಮಾಣ, ಎಚ್‌ಪಿವಿ ನೆಗೆಟಿವ್ ಆದವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು.

ಅಲ್ಲಿ ಬಳಸಿದ್ದು ಹೈಬ್ರಿಡ್ ಕ್ಯಾಪ್ಚರ್ 2 ಎಂಬ ಎಚ್‌ಪಿವಿ ಪರೀಕ್ಷೆ. ಈ ವೈರಸ್ಸನ್ನು ಸಾಮಾನ್ಯ ಕೋಶಕೃಷಿಯಲ್ಲಿ ಬೆಳೆಸಲಾಗದು. ಪದರಪದರವಾಗಿ ಬಲಿಯುವ ಚರ್ಮಕೋಶಗಳಲ್ಲಷ್ಟೇ ಅದರ ಜೀವನಚಕ್ರ ಪೂರ್ತಿಯಾಗುತ್ತದೆ. ಹಾಗಾಗಿ ಡಿಎನ್‌ಎಯನ್ನೇ ಹುಡುಕಬೇಕು. ಬ್ರಷ್‌ನಲ್ಲಿ ಬಂದ ಕೋಶಗಳಿಗೆ ಕ್ಷಾರ ಬೆರೆಸಿದರೆ ಡಿಎನ್‌ಎಯ ಎಳೆಗಳು ಬಿಚ್ಚಿಕೊಳ್ಳುತ್ತವೆ. ಅಪಾಯಕಾರಿಯಾದ 13 ಬಗೆಗಳಿಗೆ ಹೊಂದುವ ಆರ್‌ಎನ್‌ಎ ತುಣುಕುಗಳು ಅವಕ್ಕೆ ಅಂಟುತ್ತವೆ. ಆ ಜೋಡಿಯನ್ನು ಪ್ರತಿಕಾಯಗಳು ಹಿಡಿದಿಡುತ್ತವೆ. ಕೊನೆಗೆ ಹೊಮ್ಮುವ ಬೆಳಕನ್ನು ಯಂತ್ರ ಅಳೆಯುತ್ತದೆ. ಪಾಸಿಟಿವ್ ಎನ್ನಲು ಮಿಲಿಲೀಟರಿಗೆ 1 ಪಿಕೋಗ್ರಾಂ ಡಿಎನ್‌ಎ, ಅಂದರೆ ಪರೀಕ್ಷೆಗೆ ಸುಮಾರು 5,000 ಪ್ರತಿಗಳು ಬೇಕು. ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸಿ ಹುಡುಕುವ ಪಿಸಿಆರ್ ವಿಧಾನ ಇದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣವನ್ನೂ ಹಿಡಿದೀತು. ಆದರೆ ಬಹುಪಾಲು ಸೋಂಕು ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಕಳೆದುಹೋಗುತ್ತದೆ. ಅದರ ಪ್ರತಿಯೊಂದು ಜಾಡನ್ನೂ ಹಿಡಿಯಹೊರಟರೆ ಕಾಯಿಲೆಯೇ ಇಲ್ಲದವರು ಗರ್ಭಕಂಠವನ್ನು ಹಿಗ್ಗಿಸಿ ನೋಡುವ ಕಾಲ್ಪೊಸ್ಕೊಪಿಗೆ ಸಾಲುಗಟ್ಟಬೇಕಾಗುತ್ತದೆ. ಹೊಸ ಕಿಟ್ಟುಗಳ ಜಾಹೀರಾತು ಈ ಮಾತನ್ನು ಹೇಳುವುದು ಅಪರೂಪ.

ಹೈಬ್ರಿಡ್ ಕ್ಯಾಪ್ಚರ್ ವಿಧಾನದಲ್ಲೂ ಒಂದು ಕೊರತೆಯಿದೆ. ಮಾದರಿಯಲ್ಲಿ ಸಾಕಷ್ಟು ಮಾನವ ಕೋಶಗಳಿವೆಯೇ ಎಂದು ಅದು ಪರಿಶೀಲಿಸುವುದಿಲ್ಲ. ಖಾಲಿ ಬ್ರಷ್ಷೂ ‘ನೆಗೆಟಿವ್’ ಎಂದೇ ಬರುತ್ತದೆ. ಮಾನವ ಕೋಶದ ಬೀಟಾ-ಗ್ಲೋಬಿನ್ ವಂಶವಾಹಿಯನ್ನೂ ಜೊತೆಗೇ ಹುಡುಕುವ ಪಿಸಿಆರ್ ಪರೀಕ್ಷೆಗಳಲ್ಲಿ ಅಂಥ ಮಾದರಿ ಸಿಕ್ಕಿಬೀಳುತ್ತದೆ. ಪಿಸಿಆರ್‌ನಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಹುಡುಕುತ್ತಿರುವುದು ವೈರಸ್ಸಿನ ಯಾವ ಭಾಗವನ್ನು? ಅದರ ಡಿಎನ್‌ಎ ಮಾನವ ವರ್ಣತಂತುವಿನೊಳಗೆ ಸೇರಿಕೊಂಡಾಗ ವೈರಸ್ಸಿನ ಎಲ್1 ಎಂಬ ವಂಶವಾಹಿ ಕಳೆದುಹೋಗಬಹುದು. ಕ್ಯಾನ್ಸರ್ ಕೋಶ ಬದುಕಲು ನೆಚ್ಚಿಕೊಂಡಿರುವ ಇ6, ಇ7 ಎಂಬ ವೈರಸ್ ವಂಶವಾಹಿಗಳು ಮಾತ್ರ ಉಳಿದಿರುತ್ತವೆ. ಎಲ್1 ಒಂದನ್ನೇ ನೋಡುವ ಪರೀಕ್ಷೆ ಹೀಗೆ ಬಲಿತ ಕ್ಯಾನ್ಸರಿನಲ್ಲೇ ಎಡವುವುದುಂಟು.