ಕ್ರೌಂಚ ಕುಳಿತದ್ದನ್ನು ನೋಡಿದವರು

ಯೋಗಾಸನಗಳ ಸರಣಿಯೊಂದು ಪ್ರಸಾರವಾಗುತ್ತಿದ್ದ ದಿನಗಳಲ್ಲಿ ಶಿರಾ ಕಡೆಯ ವೀಕ್ಷಕರೊಬ್ಬರಿಂದ ಒಂದು ಕಾಗದ ಬಂದಿತ್ತು. ಅದರಲ್ಲಿ ಎರಡೇ ಪ್ರಶ್ನೆ. ಆಸನಗಳಿಗೆ ನವಿಲು, ಕೋಳಿ, ಆಮೆ, ಒಂಟೆ ಎಂದು ಪ್ರಾಣಿಗಳ ಹೆಸರನ್ನೇ ಏಕೆ ಇಟ್ಟರು? ಇಟ್ಟವರು ಆ ಪ್ರಾಣಿಗಳನ್ನು ನಿಜವಾಗಿ ನೋಡಿದ್ದರೇ? ಮೊದಲ ಪ್ರಶ್ನೆಗೆ ಮುಂದಿನ ವಾರದ ಕಾರ್ಯಕ್ರಮದಲ್ಲಿ ಒಂದು ಮಾತು ಹೇಳಿ ಮುಗಿಸಿದೆವು. ಎರಡನೆಯದು ಕಾಗದದ ಜೊತೆಗೇ ನನ್ನ ಮೇಜಿನ ಖಾನೆ ಸೇರಿತು.

ಅದು ಮತ್ತೆ ಹೊರಬಂದದ್ದು ನನ್ನ ಮೊಣಕಾಲಿನ ದೆಸೆಯಿಂದ. ಸರಣಿಯ ಉತ್ಸಾಹದಲ್ಲಿ ನಾನೂ ಅಭ್ಯಾಸಕ್ಕೆ ಇಳಿದಿದ್ದೆ. ತರಗತಿಗೆ ಹೋದದ್ದು ನಾಲ್ಕೈದು ದಿನ, ಆಮೇಲೆ ಪುಸ್ತಕದ ಚಿತ್ರಗಳೇ ಗುರು. ಚಿತ್ರದಲ್ಲಿದ್ದ ಪದ್ಮಾಸನದಂತೆಯೇ ಕೂರಬೇಕೆಂದು ಬಲಗಾಲನ್ನು ಕೈಯಿಂದ ಎಳೆದು ತೊಡೆಯ ಮೇಲೆ ಇರಿಸಿದ ಒಂದು ಬೆಳಗ್ಗೆ ಮಂಡಿಯ ಒಳಗೆ ಏನೋ ಕಟಕ್ಕೆಂದಿತು. ವೈದ್ಯರು ಮೂರು ತಿಂಗಳು ಆಸನಗಳನ್ನು ಬಿಟ್ಟು ಸಮತಟ್ಟಾದ ನೆಲದಲ್ಲಿ ನಡೆಯಿರಿ ಎಂದರು. ಬಿ.ಎಸ್ಸಿ. ಓದಿದವರಿಗೆ ಇಷ್ಟೂ ತಿಳಿಯದೇ ಎಂದು ಮನೆಯಲ್ಲಿ ಕೇಳಿದರು. ಮಂಡಿ ಒಂದು ಬಾಗಿಲಿನ ಕೀಲಿನಂತಹುದು. ಮುಂದಕ್ಕೂ ಹಿಂದಕ್ಕೂ ಆಡುವಷ್ಟು ಸಲೀಸಾಗಿ ಅದು ಪಕ್ಕಕ್ಕೆ ತಿರುಗದು. ಪದ್ಮಾಸನದ ತಿರುವು ತೊಡೆಯ ಬುಡದಲ್ಲಿರುವ ಕೀಲಿನಿಂದ ಬರಬೇಕು. ಅಲ್ಲಿಂದ ಬಾರದ್ದನ್ನು ನಾನು ಮಂಡಿಯಿಂದ ವಸೂಲು ಮಾಡಲು ಹೊರಟಿದ್ದೆ.

ನಡೆಯಲು ಆರಿಸಿಕೊಂಡ ಜಾಗ ಬಲಸಮುದ್ರ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಈ ಸೀಮೆಯಲ್ಲಿ ಊರಿನ ಹೆಸರಿನ ಕೊನೆಗೆ ಸಮುದ್ರವೆಂದಿದ್ದರೆ ಅಲ್ಲಿ ಕೆರೆ ಇದೆ, ಇಲ್ಲವೇ ಇತ್ತು ಎಂದು ತಿಳಿಯಬೇಕು. ಮಳೆ ಕಡಿಮೆ, ಕಲ್ಲು ಜಾಸ್ತಿ. ಅಂಥ ನೆಲದವರು ಒಂದಿಷ್ಟು ನೀರು ನಿಲ್ಲಿಸಿ ಅದನ್ನು ಸಮುದ್ರವೆಂದು ಕರೆದರು. ಬೆಳಗಿನ ಹೊತ್ತು ಅಲ್ಲಿ ನಿಧಾನವಾಗಿ ನಡೆಯುತ್ತ, ಜಾಲಿಯ ನೆರಳಲ್ಲಿ ನಿಲ್ಲುತ್ತ, ಹಕ್ಕಿಗಳನ್ನು ನೋಡುತ್ತ ಇದ್ದಾಗ ಆ ಕಾಗದ ನೆನಪಿಗೆ ಬಂತು. ನೋಡಿದ್ದರೇ?

ಪತಂಜಲಿಯ ಯೋಗಸೂತ್ರಗಳಲ್ಲಿ ಯಾವ ಪ್ರಾಣಿಯ ಆಸನವೂ ಇಲ್ಲ. ಆಸನ ಸ್ಥಿರವಾಗಿರಬೇಕು, ಸುಖವಾಗಿರಬೇಕು. ಪ್ರಯತ್ನವನ್ನು ಸಡಿಲಿಸಿದಾಗ ಅದು ಸಿದ್ಧಿಸುತ್ತದೆ ಎಂಬ ಅರ್ಥದ ಒಂದೆರಡು ಸೂತ್ರಗಳು ಅಷ್ಟೇ. ಪ್ರಾಣಿಗಳು ಬರುವುದು ಅದರ ಮೇಲಿನ ವ್ಯಾಸಭಾಷ್ಯದಲ್ಲಿ. ಸುಮಾರು 4-5ನೇ ಶತಮಾನದ್ದೆಂದು ಹೇಳಲಾಗುವ ಈ ಭಾಷ್ಯ ಹತ್ತಾರು ಆಸನಗಳ ಹೆಸರು ಹೇಳುವಾಗ ಕ್ರೌಂಚ, ಆನೆ, ಒಂಟೆ ಇವು ಕೂರುವ ರೀತಿಗಳನ್ನೂ ಸೇರಿಸುತ್ತದೆ. ಹೇಗೆ ಮಾಡಬೇಕೆಂಬ ವಿವರ ಇಲ್ಲ.

ನಾಲ್ಕೈದು ಶತಮಾನಗಳ ನಂತರ ಮಿಥಿಲೆಯ ವಾಚಸ್ಪತಿ ಮಿಶ್ರರು ಇದಕ್ಕೆ ಟೀಕೆ ಬರೆದರು. ಪದ್ಮಾಸನದಂಥವನ್ನು ವಿವರಿಸಿದ ಅವರು ಈ ಮೂರರ ಬಳಿ ಬಂದಾಗ ಕಾಲು ಎಲ್ಲಿ, ಕೈ ಎಲ್ಲಿ ಎಂದು ಹೇಳಲು ಹೋಗಲಿಲ್ಲ. ಕ್ರೌಂಚ ಮುಂತಾದವು ಕುಳಿತಿರುವಾಗ ಅವುಗಳ ಮೈಯ ವಿನ್ಯಾಸವನ್ನು ನೋಡಿ ತಿಳಿದುಕೊಳ್ಳಬೇಕು ಎಂಬ ಅಭಿಪ್ರಾಯವನ್ನಷ್ಟೇ ಬರೆದು ಮುಂದೆ ಹೋದರು. ಟೀಕಾಕಾರರಲ್ಲಿ ಇಂಥ ಮಾತು ಅಪರೂಪ. ಸಾಮಾನ್ಯವಾಗಿ ಅವರು ಒಂದು ಗ್ರಂಥಕ್ಕೆ ಇನ್ನೊಂದು ಗ್ರಂಥವನ್ನು ಸಾಕ್ಷಿ ಕರೆಯುತ್ತಾರೆ. ಇಲ್ಲಿ ಓದುಗನನ್ನು ಓಲೆಗರಿಯ ಮುಂದಿನಿಂದ ಎಬ್ಬಿಸಿ ನೀರಿನ ದಂಡೆಗೆ ಕಳುಹಿಸುತ್ತಾರೆ. ವೀಕ್ಷಕರ ಎರಡನೆಯ ಪ್ರಶ್ನೆಗೆ ಸಾವಿರ ವರ್ಷಗಳ ಹಿಂದೆಯೇ ಅರ್ಧ ಉತ್ತರ ಸಿಕ್ಕಿತ್ತು: ನೋಡಬೇಕು ಎಂದು ನಂಬಿದವರು ಇದ್ದರು. (ಕ್ರೌಂಚವೆಂದರೆ ಇಂದಿನ ಯಾವ ಹಕ್ಕಿ ಎಂಬುದರಲ್ಲಿ ಒಮ್ಮತವಿಲ್ಲ. ಸಾರಸದಂಥ ಉದ್ದ ಕಾಲಿನ ಹಕ್ಕಿ ಎಂಬುದು ಬಹುಮಂದಿಯ ಮತ.)

ಮುಂದಿನ ಹಠಯೋಗ ಗ್ರಂಥಗಳಲ್ಲಿ ಪ್ರಾಣಿಗಳು ಹೆಚ್ಚುತ್ತ ಹೋಗುತ್ತವೆ. 15ನೇ ಶತಮಾನದ ಹಠಯೋಗ ಪ್ರದೀಪಿಕೆ ವಿವರಿಸುವುದು 15 ಆಸನಗಳನ್ನು. ಅದಕ್ಕಿಂತ ತಡವಾಗಿ ಬಂದ ಘೇರಂಡ ಸಂಹಿತೆಯು ಜೀವಜಾತಿಗಳೆಷ್ಟೋ ಆಸನಗಳೂ ಅಷ್ಟು ಎಂದು ಸಾರಿ, 84 ಲಕ್ಷದಿಂದ ಇಳಿಸಿ ಇಳಿಸಿ ಕೊನೆಗೆ ಮನುಷ್ಯರಿಗೆ 32 ಸಾಕು ಎನ್ನುತ್ತದೆ. ಆ 32ರಲ್ಲಿ ಅರ್ಧದಷ್ಟಕ್ಕೆ ಪ್ರಾಣಿಗಳ ಹೆಸರು: ಸಿಂಹ, ಮೀನು, ನವಿಲು, ಕಪ್ಪೆ, ಗೂಳಿ, ಮಿಡತೆ, ಮೊಸಳೆ, ಹಾವು. 84 ಲಕ್ಷದ ಲೆಕ್ಕವನ್ನು ಜೀವಶಾಸ್ತ್ರದ ವಿದ್ಯಾರ್ಥಿ ಒಪ್ಪಬೇಕಾಗಿಲ್ಲ. ಆದರೆ ಪ್ರತಿಯೊಂದು ಜೀವಿಗೂ ಕೂರುವ, ನಿಲ್ಲುವ ತನ್ನದೇ ಒಂದು ರೀತಿ ಇದೆ ಎಂಬ ಗಮನಿಕೆ ಅದರ ಹಿಂದೆ ಇದೆ.

18ನೇ ಶತಮಾನದ್ದೆಂದು ಊಹಿಸಲಾದ ಹಠಾಭ್ಯಾಸಪದ್ಧತಿ ಎಂಬ ಹಸ್ತಪ್ರತಿಯಲ್ಲಂತೂ 112 ಆಸನಗಳಿವೆ. ಆನೆ, ತೋಳ, ಕರಡಿ, ಮೊಲ ಇವೆಲ್ಲ ಅಲ್ಲಿ ಬರುತ್ತವೆ. ವಿಶೇಷವೆಂದರೆ ಅವುಗಳಲ್ಲಿ ಹಲವು ಒಂದೇ ಭಂಗಿಯಲ್ಲಿ ನಿಂತುಬಿಡುವಂಥವಲ್ಲ, ಮತ್ತೆ ಮತ್ತೆ ಮಾಡಬೇಕಾದ ಚಲನೆಗಳು. ಆನೆಯನ್ನು ಒಮ್ಮೆ ನೋಡಿದವರಿಗೂ ಇದರ ಔಚಿತ್ಯ ಹೊಳೆಯುತ್ತದೆ. ಆನೆ ಎಂದಾದರೂ ಸುಮ್ಮನೆ ನಿಂತದ್ದುಂಟೇ?

ಈ ಪರಂಪರೆಯ ಹಲವು ಆಸನಗಳು ನಮ್ಮ ಮೈಸೂರಿಗೆ ಬಂದು ಚಿತ್ರಗಳಾದವು. ಮುಮ್ಮಡಿ ಕೃಷ್ಣರಾಜ ಒಡೆಯರ (1794-1868) ಆಶ್ರಯದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ವರ್ಣಚಿತ್ರಗಳಿವೆ. ಎನ್.ಇ. ಶೋಮನ್ ಅವರು 1996ರಲ್ಲಿ ಮೈಸೂರು ಅರಮನೆಯ ಯೋಗ ಪರಂಪರೆಯ ಬಗ್ಗೆ ಪ್ರಕಟಿಸಿದ ಪುಸ್ತಕದಿಂದ ಅವು ಹೊರಲೋಕಕ್ಕೆ ಪರಿಚಯವಾದವು. ಚಿತ್ರಗಳು ಬಹಳ ಚೆಂದ. ಆದರೆ ಚಿತ್ರದಲ್ಲಿ ಚಲನೆ ಇರುವುದಿಲ್ಲ.

ಮುಂದಿನ ಕಥೆ ಓದುಗರಿಗೆ ಹೆಚ್ಚು ಪರಿಚಿತ. ನಮ್ಮ ನೆರೆಯ ಚಿತ್ರದುರ್ಗ ಜಿಲ್ಲೆಯಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಲು ಅನುವು ಮಾಡಿಕೊಟ್ಟರು. ಮರುವರ್ಷವೇ ಆಚಾರ್ಯರ ಯೋಗ ಮಕರಂದ ಕನ್ನಡದಲ್ಲಿ ಛಾಯಾಚಿತ್ರಗಳೊಡನೆ ಬಂತು. 1938ರಲ್ಲಿ ಅವರ ಮತ್ತು ಅವರ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರ್ಯರ ಅಭ್ಯಾಸವನ್ನು ಮೂಕಿ ಚಿತ್ರವಾಗಿ ತೆಗೆಯಲಾಯಿತು. ಯೋಗಶಾಲೆ 1950ರಲ್ಲಿ ಮುಚ್ಚಿತು. ಅಷ್ಟರಲ್ಲಿ ಅಯ್ಯಂಗಾರ್ಯರು ಪುಣೆಗೆ ಹೋಗಿ ನೆಲೆಸಿದ್ದರು. 1966ರಲ್ಲಿ ಬಂದ ಅವರ ಇಂಗ್ಲಿಷ್ ಗ್ರಂಥದಲ್ಲಿ ಸುಮಾರು 600 ಛಾಯಾಚಿತ್ರಗಳು. ಪ್ರಪಂಚದ ಬಹುಭಾಗ ಆಸನಗಳನ್ನು ಕಲಿತದ್ದು ಆ ಪುಸ್ತಕದ ಪುಟಗಳಿಂದಲೇ. ಹೀಗೆ ಬಯಲಿನಿಂದ ಹೊರಟ ಆಸನಗಳು ಓಲೆಗರಿ, ಅರಮನೆಯ ಹಜಾರ, ಛಾಯಾಚಿತ್ರ, ಚಲನಚಿತ್ರ ಎಂದು ದಾಟಿ, ಕಡೆಗೆ ನಮ್ಮ ಕೈಗೆ, ಅಂದರೆ ದೂರದರ್ಶನದವರ ಕೈಗೆ ಬಂದವು.

ಇಲ್ಲಿ ಒಂದು ತಪ್ಪೊಪ್ಪಿಗೆ ಆಗಬೇಕು. ಕೃಷ್ಣಮಾಚಾರ್ಯರ 1938ರ ಚಿತ್ರವನ್ನು ನೋಡುವಾಗ ಕಣ್ಣು ಅಂಟುವುದು ಅವರು ಒಂದು ಆಸನಕ್ಕೆ ಹೋಗುವ, ಅದರಿಂದ ಹೊರಬರುವ ರೀತಿಗೆ. ನಾವು ಸಂಕಲನದ ಕೋಣೆಯಲ್ಲಿ ಮೊದಲು ಕತ್ತರಿಸುವುದು ಅದನ್ನೇ. ಕೊನೆಯ ಭಂಗಿ ಎಷ್ಟು ಚೆನ್ನಾಗಿದೆ ನೋಡಿ, ಅದನ್ನು ಹತ್ತು ಸೆಕೆಂಡು ಇಡಿ, ಹೋಗುವುದು ಬರುವುದು ಬೇಸರ ಎಂದು ನಾನೇ ಎಷ್ಟೋ ಸಲ ಹೇಳಿದ್ದೇನೆ. ಮನೆಯಲ್ಲಿ ಚಾಪೆ ಹಾಸಿಕೊಂಡು ನೋಡುತ್ತಿದ್ದವರಿಗೆ ಸಿಕ್ಕಿದ್ದು ಆ ಹತ್ತು ಸೆಕೆಂಡು. ಅವರ ಮಂಡಿಗಳ ಗತಿ ಏನಾಯಿತೋ.

ಬಲಸಮುದ್ರದಿಂದ ಒಂದು ದಿನ ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋಗಿದ್ದೆವು. ಅಲ್ಲಿ ಊರ ನಡುವಿನ ಹುಣಿಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು, ಬೂದು ಬಕಗಳು ಗೂಡು ಕಟ್ಟುತ್ತವೆ. ಊರವರು ಅವನ್ನು ಕಾಯುತ್ತಾರೆ. ಒಂದು ಕೊಕ್ಕರೆ ಕೊಂಬೆಯ ತುದಿಯಲ್ಲಿ ಒಂಟಿಕಾಲಿನಲ್ಲಿ ನಿಂತಿತ್ತು. ಗಡಿಯಾರ ನೋಡಿದೆ. ಇಪ್ಪತ್ತು ನಿಮಿಷವಾದರೂ ಅದು ಕಾಲು ಬದಲಿಸಲಿಲ್ಲ. ಮನೆಯಲ್ಲಿ ವೃಕ್ಷಾಸನದಲ್ಲಿ ಅರ್ಧ ನಿಮಿಷಕ್ಕೆ ನನ್ನ ಪಾದದ ಬೆರಳುಗಳು ನೆಲವನ್ನು ಗಬ್ಬರಿಸತೊಡಗುತ್ತವೆ, ದವಡೆ ಬಿಗಿಯುತ್ತದೆ.

ಕೊಕ್ಕರೆಯ ಕಾಲಿನಲ್ಲಿ ಹಿಂದಕ್ಕೆ ಮಡಚಿದಂತೆ ಕಾಣುವ ಗಂಟನ್ನು ನಾವು ಮಂಡಿ ಎಂದುಕೊಳ್ಳುತ್ತೇವೆ. ಅದು ಮಂಡಿಯಲ್ಲ, ನಮ್ಮ ಹಿಮ್ಮಡಿಯ ಮೇಲಿರುವ ಕೀಲಿಗೆ ಸಮನಾದದ್ದು. ಅದರ ನಿಜವಾದ ಮಂಡಿ ಹೊಟ್ಟೆಯ ಪಕ್ಕದ ಗರಿಗಳೊಳಗೆ ಅಡಗಿದೆ, ನಮ್ಮದರಂತೆಯೇ ಮುಂದಕ್ಕೆ ಬಾಗುತ್ತದೆ. ಹೊರಗಿನ ಆಕಾರವನ್ನು ನಕಲು ಮಾಡಲು ಹೋದವನು ಎಲ್ಲಿ ಎಡವುತ್ತಾನೆ ಎಂಬುದಕ್ಕೆ ನನಗೆ ಬೇರೆ ಉದಾಹರಣೆ ಬೇಕಾಗಲಿಲ್ಲ.

2017ರಲ್ಲಿ ಅಮೆರಿಕದ ಅಟ್ಲಾಂಟಾದ ಯಂಗ್-ಹುಯಿ ಚಾಂಗ್ ಮತ್ತು ಲೀನಾ ಟಿಂಗ್ ಎಂಬ ವಿಜ್ಞಾನಿಗಳು ಫ್ಲೆಮಿಂಗೊ ಹಕ್ಕಿಯ ಒಂಟಿಕಾಲಿನ ನಿಲುವನ್ನು ಪರೀಕ್ಷಿಸಿದರು. ಸತ್ತ ಹಕ್ಕಿಯ ಶರೀರವನ್ನು ಒಂದೇ ಕಾಲಿನ ಮೇಲೆ ಸರಿಯಾದ ಓರೆಯಲ್ಲಿ ನಿಲ್ಲಿಸಿದರೆ ಅದು ಹಾಗೆಯೇ ನಿಂತಿತು. ಎರಡು ಕಾಲಿನ ನಿಲುವಿನಂತೆ ಇರಿಸಿದಾಗ ನಿಲ್ಲಲಿಲ್ಲ. ಅಂದರೆ ಸ್ನಾಯುಗಳು ಕೆಲಸ ಮಾಡದೆಯೂ ಮೈಯ ಭಾರವೇ ಕೀಲುಗಳನ್ನು ಹಿಡಿದು ನಿಲ್ಲಿಸುತ್ತದೆ. ಬದುಕಿರುವ ಹಕ್ಕಿ ಆ ನಿಲುವಿನಲ್ಲಿ ಕಣ್ಣು ಮುಚ್ಚಿ ನಿದ್ದೆ ಹೋಗುವಾಗ ತೂಗಾಟ ಇನ್ನೂ ಕಡಿಮೆ. ಪ್ರಯತ್ನವನ್ನು ಸಡಿಲಿಸುವ ಸೂತ್ರವನ್ನು ನಾನು ಅದುವರೆಗೆ ವೇದಾಂತದ ಮಾತು ಎಂದು ತಿಳಿದಿದ್ದೆ. ನಮ್ಮ ಕಾಲು ಫ್ಲೆಮಿಂಗೊದ ಕಾಲಲ್ಲ, ನಿಜ. ಆದರೆ ಆ ದಿನದಿಂದ ವೃಕ್ಷಾಸನದಲ್ಲಿ ನಾನು ಹುಡುಕುವುದು ಎಲುಬಿನ ಮೇಲೆ ಎಲುಬು ಕೂರುವ ಜಾಗವನ್ನು. ಬೆರಳುಗಳ ಗಬ್ಬರಿಕೆ ಕಡಿಮೆಯಾಗಿದೆ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿಗೂ ಈ ಚರಿತ್ರೆಯಲ್ಲಿ ಒಂದು ಪಾತ್ರವುಂಟು. 798 ಎಕರೆಯ ಈ ಬಯಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಆಸನ ಎಂಬ ಮಾತಿನ ಹಳೆಯ ಅರ್ಥ ಕೂರುವ ಹಾಸು. ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಯೋಗಿಯ ಹಾಸಿನಲ್ಲಿ ದರ್ಭೆಯ ಮತ್ತು ಬಟ್ಟೆಯ ಜೊತೆಗೆ ಚರ್ಮವೂ ಬರುತ್ತದೆ. ಅದು ಕೃಷ್ಣಾಜಿನವೆಂದೇ ರೂಢಿ. ಎಷ್ಟೋ ಶತಮಾನ ಯೋಗಿಯ ಅಡಿಗೆ ಚರ್ಮವಾಗಿ ಬಂದ ಪ್ರಾಣಿ ಇಂದು 1972ರ ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿ ತನ್ನ ಚರ್ಮವನ್ನು ತಾನೇ ಹೊತ್ತು ನಿಂತಿದೆ. ಅಲ್ಲಿ ಒಂದು ಗಂಡು ಬಹಳ ಹೊತ್ತು ನಿಶ್ಚಲವಾಗಿ ನಿಂತದ್ದನ್ನು ದೂರದರ್ಶಕದಲ್ಲಿ ನೋಡಿದೆ. ಕಿವಿ ಮಾತ್ರ ಅತ್ತಿತ್ತ ಆಡುತ್ತಿತ್ತು. ಬೈಕೊಂದು ಸದ್ದು ಮಾಡಿದ್ದೇ ತಡ, ನಿಂತಲ್ಲಿಂದಲೇ ನೆಗೆಯಿತು. ನಾನು ಆಸನದಲ್ಲಿ ನಿಶ್ಚಲವಾಗಿದ್ದೇನೆಂದುಕೊಂಡಾಗ ಹೀಗೆ ನೆಗೆಯಬಲ್ಲೆನೇ? ಎದ್ದು ನಿಲ್ಲಲೇ ಗೋಡೆ ಬೇಕಿತ್ತು.

ಎಲ್ಲ ಹೆಸರುಗಳೂ ನೋಡಿಯೇ ಇಟ್ಟವಲ್ಲ ಎಂಬುದನ್ನೂ ಹೇಳಬೇಕು. ಅಂಗೈಗಳ ಮೇಲೆ ಮೈಯನ್ನೆತ್ತಿ ಕಾಲುಗಳನ್ನು ಮುಂದಕ್ಕೆ ಚಾಚುವ ಟಿಟ್ಟಿಭಾಸನವನ್ನು ಇಂಗ್ಲಿಷ್ ಬಲ್ಲ ಅಭ್ಯಾಸಿಗಳು ಮಿಂಚುಹುಳುವಿನ ಆಸನ ಎನ್ನುತ್ತಾರೆ. ಆದರೆ ಸಂಸ್ಕೃತ ಕಥೆಗಳ ಟಿಟ್ಟಿಭ ಒಂದು ಹಕ್ಕಿ, ತನ್ನ ಕೂಗಿನಿಂದಲೇ ಹೆಸರು ಪಡೆದದ್ದು. ಪಂಚತಂತ್ರದಲ್ಲಿ ಸಮುದ್ರವು ಇದರ ಮೊಟ್ಟೆಗಳನ್ನು ಕದ್ದು, ಗರುಡನವರೆಗೆ ದೂರು ಹೋದ ಮೇಲೆ ಹಿಂತಿರುಗಿಸುತ್ತದೆ. ಆಕಾಶ ಕುಸಿದೀತೆಂಬ ಭಯದಿಂದ ಟಿಟ್ಟಿಭ ಕಾಲುಗಳನ್ನು ಮೇಲೆತ್ತಿಕೊಂಡು ಮಲಗುತ್ತದೆ ಎಂಬ ಮಾತೂ ಅಲ್ಲಿದೆ. ಕಾಲೆತ್ತಿದ ಆಸನಕ್ಕೆ ಈ ಹೆಸರು ಬಂದದ್ದು ಆ ಕಥೆಯಿಂದ ಎಂದು ನನ್ನ ಊಹೆ. ನಿಜವಾದ ಹಕ್ಕಿಯಂತೂ ಹಾಗೆ ಮಲಗುವುದಿಲ್ಲ. ಬರಿನೆಲದ ಮೇಲೆ, ಕಲ್ಲುಗಳ ನಡುವೆ ಕಲ್ಲಿನ ಬಣ್ಣದ್ದೇ ಮೊಟ್ಟೆಗಳನ್ನಿಟ್ಟು ಅವುಗಳ ಮೇಲೆ ಎಲ್ಲ ಹಕ್ಕಿಗಳಂತೆ ಕೂರುತ್ತದೆ.

ನಡಿಗೆಯ ಮೂರನೆಯ ತಿಂಗಳು ಬಲಸಮುದ್ರದ ಕೆರೆಯಂಗಳದ ಬಳಿ ಒಂದು ಟಿಟ್ಟಿಭ ನಮ್ಮ ತಲೆಯ ಮೇಲೆ ಸುತ್ತುತ್ತ ಕಿರುಚತೊಡಗಿತು. ಗೂಡು ಅಲ್ಲೇ ಇರಬೇಕೆಂದು ನಮ್ಮ ಛಾಯಾಗ್ರಾಹಕ ಮಿತ್ರರು ಕ್ಯಾಮೆರಾ ಸಿದ್ಧಮಾಡಿಕೊಂಡು ನೆಲ ಹುಡುಕಿದರು. ಕುರಿ ಬಿಟ್ಟುಕೊಂಡು ಬಂದಿದ್ದ ಅಜ್ಜ ಸ್ವಲ್ಪ ಹೊತ್ತು ನೋಡಿ ನಕ್ಕರು.

"ಅದು ಕೂಗೋ ತಾವ ಮೊಟ್ಟೆ ಇರಾಕಿಲ್ಲ ಸಾಮಿ. ಮೊಟ್ಟೆ ಬುಟ್ಟು ಮೆತ್ತಗೆ ದೂರ ನಡೆದು ಓಗಿ, ಆಮ್ಯಾಕೆ ಎದ್ದು ಕೂಗ್ತೈತೆ. ನೀವು ಕೂತ್ಕಳಿ, ಅದೇ ತಿರುಗ ಬತ್ತದೆ."

ಕೂತೆವು. ಕಾಲು ಮಡಚಲು ನಾನು ಒಂದು ಕಲ್ಲನ್ನು ಆಸರೆ ಹಿಡಿದೆ. ಬಿಸಿಲೇರುವವರೆಗೆ ಹಕ್ಕಿ ಇಳಿಯಲಿಲ್ಲ. ಕೊನೆಗೆ ಸುಮಾರು ಐವತ್ತು ಹೆಜ್ಜೆ ಆಚೆ, ನಾವು ಬೆಳಗ್ಗೆ ತುಳಿದು ಬಂದ ಹಾದಿಯ ಪಕ್ಕದಲ್ಲೇ ಇಳಿದು, ನಿಂತು, ಎರಡು ಹೆಜ್ಜೆ ನಡೆದು, ಮತ್ತೆ ನಿಂತು, ಮೆಲ್ಲಗೆ ಕುಳಿತಿತು. ಛಾಯಾಗ್ರಾಹಕ ಮಿತ್ರರು ಅದು ಇಳಿದಾಗಿನಿಂದ ಕೂರುವವರೆಗೆ ಒಂದೇ ಓಟದಲ್ಲಿ ಚಿತ್ರೀಕರಿಸಿದ್ದರು. ಆ ದೃಶ್ಯ ನಾಲ್ಕು ನಿಮಿಷ ಇದೆ. ಈ ಸಲ ಕತ್ತರಿಸಿಲ್ಲ.