ಮುದ್ರೆ, ದಫ್ತರ ಮತ್ತು ಮಾತು: ಕೈದಿಯ ಅಂಚೆಯ ಕಾಲನಿರ್ಣಯ

ಲಿಖಿತ ದಾಖಲೆಯೇ ಪ್ರಮಾಣ, ಬಾಯಿಮಾತು ಅದಕ್ಕಿಂತ ಕೆಳಗಿನದು ಎಂಬ ನಂಬಿಕೆ ಆಧುನಿಕ ನ್ಯಾಯವ್ಯವಸ್ಥೆಯಲ್ಲಿ ಆಳವಾಗಿ ಬೇರೂರಿದೆ. ಹಾಗಾದರೆ ದಾಖಲೆಯನ್ನು ಬರೆಯುವ ಅಧಿಕಾರವೇ ಇಲ್ಲದವನು ತನ್ನ ಸತ್ಯವನ್ನು ಯಾವುದರಿಂದ ಸಾಧಿಸಬೇಕು? ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1988ರಲ್ಲಿ ತೀರ್ಮಾನಿಸಿದ 'ಹೂಸ್ಟನ್ ವಿರುದ್ಧ ಲ್ಯಾಕ್' ಮೊಕದ್ದಮೆಯ ಒಡಲಲ್ಲಿ ಈ ಪ್ರಶ್ನೆ ಅಡಗಿದೆ.

ಟೆನೆಸ್ಸೀ ರಾಜ್ಯದ ಕೈದಿಯೊಬ್ಬನ ಅರ್ಜಿಯನ್ನು ಫೆಡರಲ್ ಜಿಲ್ಲಾ ನ್ಯಾಯಾಲಯ 1986ರ ಜನವರಿಯಲ್ಲಿ ವಜಾ ಮಾಡಿತು. ಮೇಲ್ಮನವಿಯ ಸೂಚನಾಪತ್ರ ಸಲ್ಲಿಸಲು ಇದ್ದ ಅವಧಿ 30 ದಿನ. ವಕೀಲರ ನೆರವಿಲ್ಲದ ಆತ 27ನೆಯ ದಿನವೇ ಪತ್ರವನ್ನು ಸೆರೆಮನೆಯ ಅಧಿಕಾರಿಗಳಿಗೆ ಒಪ್ಪಿಸಿದ. ಅಲ್ಲಿನ ಅಂಚೆ ದಫ್ತರದಲ್ಲಿ ಅದು ನಮೂದಾಯಿತು. ಆದರೆ ನ್ಯಾಯಾಲಯದ ಕಚೇರಿಯ ಮುದ್ರೆ ಬಿದ್ದದ್ದು 31ನೆಯ ದಿನ. ಈ ಒಂದು ದಿನದ ವಿಳಂಬದ ಕಾರಣಕ್ಕೆ ಮೇಲ್ಮನವಿ ತಿರಸ್ಕೃತವಾಯಿತು.

ಸರ್ವೋಚ್ಚ ನ್ಯಾಯಾಲಯ 5–4ರ ಬಹುಮತದಿಂದ ಈ ನಿಲುವನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ಬ್ರೆನ್ನನ್ ಅವರ ವಾದಸರಣಿ ಗಮನಾರ್ಹವಾದುದು. ಹೊರಗಿನ ಕಕ್ಷಿದಾರ ತಾನೇ ಕಚೇರಿಗೆ ಹೋಗಿ ಮುದ್ರೆ ಬೀಳುವುದನ್ನು ಕಣ್ಣಾರೆ ಕಾಣಬಲ್ಲ, ವಿಳಂಬವಾದರೆ ವಿಚಾರಿಸಬಲ್ಲ. ಕೈದಿಯಾದರೋ ತನಗೆ ಪ್ರತಿಪಕ್ಷವಾಗಬಹುದಾದವರ ಕೈಗೇ ಪತ್ರವನ್ನು ಕೊಟ್ಟು ನಂಬಬೇಕು. ಆದ್ದರಿಂದ ಅಧಿಕಾರಿಗಳಿಗೆ ಒಪ್ಪಿಸಿದ ಕ್ಷಣವೇ ಸಲ್ಲಿಕೆಯ ಕ್ಷಣ. ದಿನಾಂಕದ ಬಗ್ಗೆ ತಕರಾರಿದ್ದಲ್ಲಿ ದಫ್ತರ ಇರಿಸಿಕೊಂಡವರು ಅದನ್ನು ತೋರಿಸಲಿ ಎಂಬುದು ಇದರ ತಾತ್ಪರ್ಯ. 'ಸಲ್ಲಿಕೆ' ಎಂದರೆ ಕಚೇರಿಯನ್ನು ತಲುಪುವುದೇ. ಬದಲಾವಣೆ ಬೇಕಿದ್ದರೆ ನಿಯಮವನ್ನೇ ತಿದ್ದಬೇಕು ಎಂದು ನ್ಯಾಯಮೂರ್ತಿ ಸ್ಕಾಲಿಯಾ ಭಿನ್ನಮತ ಬರೆದರು.

ನಿಯಮವೂ ತಿದ್ದುಪಡಿಯಾಯಿತು. 1993ರಲ್ಲಿ ಸೇರ್ಪಡೆಯಾಗಿ 2016ರಲ್ಲಿ ಪರಿಷ್ಕೃತವಾದ ಮೇಲ್ಮನವಿ ನಿಯಮ 4(ಸಿ) ಪ್ರಕಾರ ಕೈದಿ ಕೊನೆಯ ದಿನದೊಳಗೆ ಪತ್ರವನ್ನು ಸೆರೆಮನೆಯ ಅಂಚೆಗೆ ಒಪ್ಪಿಸಿರಬೇಕು. ಒಪ್ಪಿಸಿದ ದಿನಾಂಕವನ್ನೂ ಅಂಚೆವೆಚ್ಚ ಭರಿಸಿದ್ದನ್ನೂ ತಿಳಿಸುವ ಘೋಷಣೆಯನ್ನು ಆತ ಜೊತೆಗಿರಿಸಬಹುದು. ಅಂಚೆಮುದ್ರೆಯಂಥ ಅನ್ಯ ಪುರಾವೆಯೂ ಸಲ್ಲುತ್ತದೆ. ಸುಳ್ಳಾದರೆ ಶಿಕ್ಷೆಗೆ ಗುರಿಯಾಗುವೆನೆಂದು ಒಪ್ಪಿ ಮಾಡಿದ ಇಂಥ ಘೋಷಣೆಗೆ 1976ರ ಕಾಯಿದೆಯೊಂದು ಪ್ರಮಾಣವಚನದ ಬಲವನ್ನು ಮೊದಲೇ ನೀಡಿತ್ತು.

ಭಾರತದಲ್ಲಿಯೂ 1973ರ ದಂಡ ಪ್ರಕ್ರಿಯಾ ಸಂಹಿತೆಯ 383ನೆಯ ಕಲಮು ಕೈದಿಗೆ ಮೇಲ್ಮನವಿಯನ್ನು ಕಾರಾಗೃಹದ ಅಧಿಕಾರಿಗೆ ಒಪ್ಪಿಸಲು ಅವಕಾಶ ನೀಡಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಈ ಏರ್ಪಾಡು ಮುಂದುವರಿದಿದೆ.

ಜನಪದರ ನ್ಯಾಯಪಂಚಾಯಿತಿಗಳಲ್ಲಿ ಆಣೆಗೆ ಸ್ಥಾನವಿತ್ತು. ಮುದ್ರೆಯನ್ನೇ ನೆಚ್ಚಿದ ನ್ಯಾಯಾಲಯವೂ, ಮುದ್ರೆ ಕೈಗೆಟುಕದವನ ವಿಷಯದಲ್ಲಿ, ಹೊಣೆ ಹೊತ್ತು ಆಡಿದ ಮಾತಿಗೆ ಮರಳಬೇಕಾಯಿತು. ದಾಖಲೆ ಏನನ್ನು ಹೇಳುತ್ತದೆ ಎಂಬುದರಷ್ಟೇ, ಅದು ಯಾರ ವಶದಲ್ಲಿದೆ ಎಂಬುದೂ ನ್ಯಾಯದ ಪ್ರಶ್ನೆಯೇ ಆಗಿದೆ.