ಮಂಗನ ಕಾಯಿಲೆಯ ಲಸಿಕೆ: ಬೆಳವಣಿಗೆ ಮತ್ತು ಅವಗಣನೆ

ಲಸಿಕಾ ವಿಜ್ಞಾನದ ಚರಿತ್ರೆಯನ್ನು 1796ರಲ್ಲಿ ಜೆನ್ನರ್ ನಡೆಸಿದ ಪ್ರಯೋಗದಿಂದ ಆರಂಭಿಸಿ, ಪಾಶ್ಚರನ ಹುಚ್ಚುನಾಯಿ ರೋಗದ ಚುಚ್ಚುಮದ್ದು, ಮುಂಬಯಿಯಲ್ಲಿ ಹಾಫ್‌ಕಿನ್ ತಯಾರಿಸಿದ ಪ್ಲೇಗ್ ಲಸಿಕೆಗಳ ಮೂಲಕ ಈ ಕಾಲಕ್ಕೆ ತರುವುದು ರೂಢಿ. ಅದರಲ್ಲಿ ಮಲೆನಾಡಿನ ಮಂಗನ ಕಾಯಿಲೆಗೆ ಜಾಗ ಸಿಗುವುದು ವಿರಳ. ಸಿಕ್ಕರೂ ‘ಫಲಿಸದ ಲಸಿಕೆ’ ಎಂಬ ಒಂದೇ ಮಾತಿಗೆ ಅದು ಮುಗಿದುಹೋಗುತ್ತದೆ. ಈ ತೀರ್ಮಾನ ಅವಸರದ್ದು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಮೊದಲು ಶಂಕಿಸಿದ್ದು ಹಳದಿ ಜ್ವರವನ್ನು; ಪತ್ತೆಯಾದದ್ದು ಉಣುಗುಗಳಿಂದ ಹರಡುವ ಹೊಸ ವೈರಸ್; ಮಂಗನ ಕಾಯಿಲೆಯ ಮೂಲ ಇದೇ. ಅದು ರಷ್ಯಾದ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ್ದೆಂದು ತಿಳಿದು, ಆ ಜ್ವರದ ಲಸಿಕೆಯನ್ನೇ ಶಿವಮೊಗ್ಗದಲ್ಲಿ ಪ್ರಯೋಗಿಸಿದರೂ ರಕ್ಷಣೆ ದೊರೆಯಲಿಲ್ಲ.

ನಿಜವಾದ ಕೆಲಸ ನಡೆದದ್ದು 1960ರ ದಶಕದಲ್ಲಿ. ಕ್ಯಾಸನೂರಿನ ವೈರಸ್ಸನ್ನೇ ಕೋಳಿಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ಲಸಿಕೆ ಸಿದ್ಧಪಡಿಸಿದರು. ಇಂಥ ವೈರಸ್ ದೇಹದಲ್ಲಿ ವೃದ್ಧಿಯಾಗದ ಕಾರಣ ರೋಗ ತರುವ ಅಪಾಯವಿಲ್ಲ. ಆದರೆ ಬಿ-ಕೋಶಗಳೆಂಬ ಬಿಳಿ ರಕ್ತಕಣಗಳು ಅದನ್ನು ಗುರುತಿಸಿ ಪ್ರತಿಕಾಯಗಳನ್ನು, ಅಂದರೆ ವೈರಸ್ಸಿಗೆ ಅಂಟಿ ಅದನ್ನು ತಡೆಯುವ ಪ್ರೋಟೀನುಗಳನ್ನು ಉತ್ಪಾದಿಸಿದರೂ, ವೈರಸ್ಸನ್ನು ನೆನಪಿಟ್ಟುಕೊಳ್ಳುವ ನಿರೋಧಕ ಸ್ಮೃತಿ ಬೇಗ ಕುಂದುವುದರಿಂದ ಬೂಸ್ಟರ್ ಡೋಸುಗಳು ಅನಿವಾರ್ಯ. ಈ ಲಸಿಕೆ ವ್ಯಾಪಕವಾಗಿ ಜನರನ್ನು ತಲುಪಿದ್ದು 1990ರ ಹೊತ್ತಿಗೆ. ನಡುವಿನ ವಿಳಂಬಕ್ಕೆ ವಿಜ್ಞಾನವನ್ನಷ್ಟೇ ಹೊಣೆ ಮಾಡಲಾಗದು. 1990–92ರ ಕ್ಷೇತ್ರ ಪರೀಕ್ಷೆಯಲ್ಲಿ ಎರಡು ಡೋಸ್ ಪಡೆದವರಿಗೆ ಶೇ. 93.5ರಷ್ಟು ರಕ್ಷಣೆ ಕಂಡುಬಂದಿತ್ತು. 2005–10ರ ಅವಧಿಯ ಅಧ್ಯಯನದಲ್ಲಿ ಅದು ಶೇ. 62.4ಕ್ಕೆ ಇಳಿದರೂ, ಬೂಸ್ಟರ್ ಪಡೆದವರಲ್ಲಿ ಶೇ. 82.9 ಇತ್ತೆಂಬ ಅಂಶವನ್ನು ಟೀಕಾಕಾರರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಆದರೆ ಅಷ್ಟೂ ಡೋಸ್ ಪಡೆಯುವುದು ಸುಲಭವಿರಲಿಲ್ಲ. ಚುಚ್ಚಿದ ಜಾಗದಲ್ಲಿ ವಿಪರೀತ ನೋವು ಬರುತ್ತಿದ್ದ ಈ ಲಸಿಕೆಯನ್ನು ತಿಂಗಳ ಅಂತರದಲ್ಲಿ ಎರಡು ಸಲ, ಬಳಿಕ ಆರರಿಂದ ಒಂಬತ್ತು ತಿಂಗಳೊಳಗೆ ಮತ್ತೊಮ್ಮೆ, ಆಮೇಲೆ ವರ್ಷ ವರ್ಷವೂ ಹಾಕಿಸಿಕೊಳ್ಳಬೇಕಿತ್ತು. ಉಣುಗಿನ ಕಾಲದಲ್ಲಿ ತರಗೆಲೆ ಗುಡಿಸಲು, ಸೌದೆ ತರಲು ಕಾಡಿಗೆ ಹೋಗಲೇಬೇಕಾದ ಕೂಲಿಯವರು ಕೈ ಊದಿಸಿಕೊಂಡು ದಿನದ ಸಂಬಳ ಬಿಡಲು ಹಿಂಜರಿದರೆ ಅದನ್ನು ಅಜ್ಞಾನವೆನ್ನುವುದು ಅನ್ಯಾಯ.

ಮಂಗನ ಕಾಯಿಲೆಯ ವೈರಸ್ ಕುಟುಂಬದ್ದೇ ಆದ, ಉಣುಗಿನಿಂದ ಹರಡುವ ಮಿದುಳುಜ್ವರಕ್ಕೆ ಆಸ್ಟ್ರಿಯಾದಲ್ಲಿ ಕ್ರಿಶ್ಚಿಯನ್ ಕುನ್ಸ್ ಮತ್ತು ಸಂಗಡಿಗರು 1970ರ ದಶಕದಲ್ಲಿ ರೂಪಿಸಿದ ಲಸಿಕೆಯೂ ಕೋಳಿಭ್ರೂಣದ ಕೋಶ, ಫಾರ್ಮಲಿನ್‌ಗಳ ವಿಧಾನದ್ದೇ. ಅಲ್ಲಿ ಅದನ್ನು ಮತ್ತಷ್ಟು ಶುದ್ಧೀಕರಿಸಿ ನೋವು, ಜ್ವರಗಳನ್ನು ತಗ್ಗಿಸಿದರು; 1981ರಿಂದ ದೇಶವ್ಯಾಪಿ ಅಭಿಯಾನ ನಡೆಸಿ ರೋಗವನ್ನು ಗಣನೀಯವಾಗಿ ಇಳಿಸಿದರು. ಹಾಗಾಗಿ ದೋಷ ವಿಧಾನದಲ್ಲಿಲ್ಲ, ಅದನ್ನು ಇಲ್ಲಿ ಕಾಲಕಾಲಕ್ಕೆ ಪರಿಷ್ಕರಿಸದೆ ಬಿಟ್ಟ ಉದಾಸೀನದಲ್ಲಿದೆ. ಮಲೆನಾಡಿನ ಕ್ಷೇತ್ರ ಸಮೀಕ್ಷೆಗಳು ರೋಗಿಗಳನ್ನು ಎಣಿಸಿದವು. ಲಸಿಕೆ ಪಡೆದವರಲ್ಲಿ ನಿರೋಧಕ ಸ್ಮೃತಿ ಎಷ್ಟು ಕಾಲ ಉಳಿಯಿತೆಂದು ಅಳೆಯುವ ಕೆಲಸ ಹಿಂದೆಯೇ ಉಳಿಯಿತು.

ಸಾಮರ್ಥ್ಯ ಸಾಲದೆಂದು 2022ರಲ್ಲಿ ಹಳೆಯ ಲಸಿಕೆ ನಿಂತ ಮೇಲೆ ಮಲೆನಾಡಿಗರ ಮುಖ್ಯ ಆಸರೆ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ತೈಲ. ಹೊಸ ಲಸಿಕೆಯನ್ನು ರೂಪಿಸುತ್ತಿರುವವರು ಅದನ್ನು ಸಾಗರ, ತೀರ್ಥಹಳ್ಳಿಗಳ ಕೂಲಿಕಾರರಲ್ಲಿ ಹಲವು ವರ್ಷ ಬೆನ್ನುಬಿಡದೆ ಪರೀಕ್ಷಿಸಬೇಕು, ಸರ್ಕಾರ ಅದಕ್ಕೆ ಬೇಕಾದ ಹಣವನ್ನು ಮೊದಲೇ ತೆಗೆದಿರಿಸಬೇಕು.